ಶಿರಾಕ್ಕೆ ಬೇರೆ ದರ

ಡಾಲರ್ ಏರಿದ್ದು ತಿಳಿಯಲು ನಾನು ಟೀವಿ ನೋಡಬೇಕಾಗಿಲ್ಲ. ಬೆಂಗಳೂರಿನ ಇಂಪೋರ್ಟರ್ ಫೋನಿನಲ್ಲಿ "ಮೇಡಂ, ಊಟ ಆಯ್ತಾ?" ಎಂದು ಶುರು ಮಾಡಿದರೆ ಅಲ್ಲಿಗೆ ಗೊತ್ತಾಗಿಬಿಡುತ್ತದೆ. ರೂಪಾಯಿ ಗಟ್ಟಿಯಾಗಿರುವ ದಿನ ಆ ಮನುಷ್ಯನಿಗೆ ನನ್ನ ಊಟದ ಗೊಡವೆ ಇರುವುದಿಲ್ಲ. ಆ ವರ್ಷ ಬೇಸಿಗೆ ರಜೆ ಹತ್ತಿರ ಬರುತ್ತಿದ್ದ ಹಾಗೆ ಅವರು ಮೇಲಿಂದ ಮೇಲೆ ನನ್ನ ಊಟ ವಿಚಾರಿಸತೊಡಗಿದರು.

ನನ್ನ ಅಂಗಡಿ ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ. ಟೀವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಮಾರುತ್ತೇನೆ, ಕೆಟ್ಟ ಜಾಯ್‌ಸ್ಟಿಕ್ ರಿಪೇರಿ ಮಾಡುತ್ತೇನೆ. ಮನೆಗೆಂದು ಕೊಳ್ಳುವವರು ಕಡಿಮೆ. ನನ್ನ ದೊಡ್ಡ ಗಿರಾಕಿಗಳು ಗೇಮ್ ಸೆಂಟರಿನವರು. ಒಂದು ಕೋಣೆ, ನಾಲ್ಕಾರು ಟೀವಿ, ಗಂಟೆಗಿಷ್ಟು ಎಂದು ದುಡ್ಡು. ಶಾಲೆಗೆ ರಜೆ ಬಂತೆಂದರೆ ಅವರಿಗೆ ಸುಗ್ಗಿ. ಆ ಸಲ ಮೂವರು ಹೊಸ ಬಾಕ್ಸ್ ಕೇಳಿದ್ದರು. ಕನ್ಸೋಲಿಗೆ ನಾವು ಬಾಕ್ಸ್ ಎಂದೇ ಅನ್ನುವುದು. ಶಿರಾದ ಭಾಯ್‌ಗೆ ನಾಲ್ಕು, ಪಾವಗಡದ ಆಸಾಮಿಗೆ ಐದು, ಕೊರಟಗೆರೆಯಲ್ಲಿ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೆಂಟರ್ ನಡೆಸುವ ಅಕ್ಕನಿಗೆ ಎರಡು.

ನನ್ನ ಅಪ್ಪ ಹುಣಸೆ ವ್ಯಾಪಾರಿ. ಐ.ಡಿ.ಹಳ್ಳಿ, ಪುರವರದ ಕಡೆ ತೋಪುಗಳಲ್ಲಿ ಕಾಯಿ ಮರದಲ್ಲಿರುವಾಗಲೇ ಚೇಣಿ ಮಾಡಿಕೊಳ್ಳುತ್ತಿದ್ದರು. ಅಂದರೆ ಫಸಲು ಇಳಿಸುವ ಮುಂಚೆಯೇ ಬೆಲೆ ಕಟ್ಟಿ ಹಿಡಿಯುವುದು. ಮರದ ಯಜಮಾನನಿಗೆ ಎಲೆ ಅಡಿಕೆ ಕೊಟ್ಟು, ಅದರ ಮೇಲೆ ಸಂಚಕಾರದ ಮುಂಗಡ ದುಡ್ಡಿಟ್ಟರೆ ಬೆಲೆ ಅಲ್ಲಿಗೆ ನಿಂತಿತು. ಆಮೇಲೆ ಹುಣಸೆ ಏರಲಿ, ಬೀಳಲಿ, ಮಾತು ಎತ್ತುವಂತಿಲ್ಲ. ನಾನು ಆ ಪದ್ಧತಿಯನ್ನು ಹಾಗೇ ಎತ್ತಿ ತಂದು ಕನ್ಸೋಲಿಗೆ ಹಾಕಿದ್ದೆ. ಕೊಡುವವರು, ಈಸಿಕೊಳ್ಳುವವರು ಅದಲುಬದಲಾದರು, ಅಷ್ಟೇ. ಚಳಿಗಾಲದಲ್ಲಿ ಗಿರಾಕಿ ಬಂದು ಸಂಚಕಾರ ಕೊಡುತ್ತಾನೆ, ನಾನು ತಟ್ಟೆಯಲ್ಲಿ ಎಲೆ ಅಡಿಕೆ ಕೊಡುತ್ತೇನೆ, ಬೇಸಿಗೆಯ ಮಾಲಿಗೆ ಅವತ್ತಿನ ರೇಟೇ ರೇಟು. ಬೆಂಗಳೂರಿನ ಅಂಗಡಿಯವರು ಬೋರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಬೆಲೆ ಬದಲಾಗಬಹುದು ಎಂದು, ಅದನ್ನು ನೋಡಿ ನಾನು ನಗುತ್ತಿದ್ದೆ. ನನ್ನದು ಒಂದೇ ಮಾತು ಎಂಬ ಜಂಬ ನನಗೆ ತುಂಬಾ ಇತ್ತು.

ಆ ಜಂಬದಲ್ಲಿ ಒಂದನ್ನು ನಾನು ಯೋಚಿಸಲೇ ಇಲ್ಲ. ಅಪ್ಪ ಬೆಲೆ ಕಟ್ಟಿದ ಹುಣಸೆ ನಮ್ಮ ತಾಲ್ಲೂಕಿನ ಮರದಲ್ಲೇ ಇರುತ್ತಿತ್ತು. ನನ್ನ ಬಾಕ್ಸು ಹಡಗಿನಲ್ಲಿ ಬರಬೇಕು, ಅದಕ್ಕೆ ಡಾಲರಿನಲ್ಲಿ ದುಡ್ಡು ಕಟ್ಟಬೇಕು. ಇಂಪೋರ್ಟರ್ ನನಗೆ ಬಿಲ್ ಮಾಡುವ ಕ್ರಮ ಹೀಗೆ. ಮೊದಲು ಮಾಲಿನ ಡಾಲರ್ ಬೆಲೆಯನ್ನು ಬಿಲ್ ದಿನದ ರೇಟಿಗೆ ರೂಪಾಯಿ ಮಾಡುತ್ತಾರೆ. ಸುಂಕ ಹಾಕಲು ಕಸ್ಟಮ್ಸ್‌ನವರು ತಮ್ಮದೇ ಒಂದು ವಿನಿಮಯ ದರ ಪ್ರಕಟಿಸಿರುತ್ತಾರೆ, ಸುಂಕ ಅದರ ಮೇಲೆ. ಸುಂಕವೂ ಸೇರಿದ ಮೊತ್ತದ ಮೇಲೆ ತೆರಿಗೆ. ಎಲ್ಲದರ ಮೇಲೆ ಅವರ ಕಮಿಷನ್. ಹಾಗಾಗಿ ರೂಪಾಯಿ ಒಂದು ಸಲ ಜಾರಿದರೆ ನನಗೆ ಪ್ರತಿ ಮೆಟ್ಟಿಲಲ್ಲೂ ಪೆಟ್ಟು ಬೀಳುತ್ತದೆ. ಬಾಕ್ಸಿಗೆ ನನಗೆ ಸಿಗುವುದು ಎರಡೂವರೆ ಸಾವಿರ. ಕಂಪನಿಯವರಿಗೇನು, ಬಾಕ್ಸಿನಲ್ಲಿ ಕೈಕಚ್ಚಿದರೂ ಆಮೇಲೆ ಗೇಮ್ ಮಾರಿ ದುಡಿದುಕೊಳ್ಳುತ್ತಾರೆ. ನನಗೆ ಆ ದಾರಿ ಇಲ್ಲ.

ಸಂಚಕಾರ ತೆಗೆದುಕೊಂಡ ಮೇಲೆ ರೂಪಾಯಿ ಇಳಿಯತೊಡಗಿತು. ಇಂಪೋರ್ಟರ್ ಮೊದಲನೇ ಸಲ ಊಟ ವಿಚಾರಿಸಿದಾಗಲೇ ಹೇಳಿದರು: "ಪೂರ್ತಿ ದುಡ್ಡು ಈವತ್ತೇ ಹಾಕಿಬಿಡಿ ಮೇಡಂ, ಈವತ್ತಿನ ರೇಟಿಗೇ ಬಿಲ್ ಮಾಡ್ತೀನಿ."

ಹಾಕಿದ್ದರೆ ಸ್ವಲ್ಪದರಲ್ಲೇ ಪಾರಾಗುತ್ತಿದ್ದೆ. ಆದರೆ ನಾನು ಹುಣಸೆ ವ್ಯಾಪಾರಿಯ ಮಗಳಲ್ಲವೇ, ಇಳಿದದ್ದು ಏರಿಯೇ ಏರುತ್ತದೆ, ತಡೆದು ನೋಡೋಣ ಅಂದುಕೊಂಡೆ. ಎರಡನೇ ಸಲ ಫೋನ್ ಬಂದಾಗ ನನಗೆ ರೇಗಿತು.

"ಸಾರ್, ಈ ಕಂಪನಿ ಜಪಾನಿಂದು. ಯೆನ್ನೂ ಬಿದ್ದೈತಂತೆ. ಅವರ ದುಡ್ಡೂ ಬಿದ್ದು ನಮ್ ದುಡ್ಡೂ ಬಿದ್ರೆ ಮಾಲು ಯಾಕೆ ತುಟ್ಟಿ ಆಗ್ಬೇಕು?"

"ನೀವು ಯೆನ್ನಲ್ಲಿ ಕಟ್ತೀರಾ ಮೇಡಂ? ಬಿಲ್ ಡಾಲರಲ್ಲಿ. ಒಳಗಿನ ಚಿಪ್ಪಿಗೂ ಅವರು ಡಾಲರೇ ಕೊಡ್ಬೇಕು. ಅಲ್ಲದೆ ಯಾವ ದೇಶಕ್ಕೆ ಎಷ್ಟು ಬೆಲೆ ಅಂತ ಕೂತ್ಕೊಂಡು ತೀರ್ಮಾನ ಮಾಡೋದು ಅವರು. ಯಾವ ದೇಶ ಎಷ್ಟು ತಡೆಯತ್ತೆ ಅಂತ ನೋಡಿ ಹಾಕ್ತಾರೆ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೂರನೇ ಸಲ ಅವರು ಫೋನ್ ಮಾಡುವಷ್ಟರಲ್ಲಿ ಕಂಪನಿಯವರೇ ಇಂಡಿಯಾದ ಬೆಲೆ ಏರಿಸಿದ್ದರು. ಇನ್ನು ಕಾಯುವಂತಿರಲಿಲ್ಲ. ಇದ್ದಬದ್ದ ದುಡ್ಡೆಲ್ಲ ಒಟ್ಟುಮಾಡಿ ಕಟ್ಟಿ ಮಾಲು ತರಿಸಿಕೊಂಡೆ. ನಾನು ಮಾತು ಕೊಟ್ಟಾಗ ಇದ್ದದ್ದಕ್ಕಿಂತ ಬಾಕ್ಸಿಗೆ ನಾಲ್ಕು ಸಾವಿರ ಮೇಲಾಗಿತ್ತು. ಹಳೇ ರೇಟಿಗೇ ಕೊಟ್ಟರೆ ಲಾಭ ಹಾಗಿರಲಿ, ಪ್ರತಿ ಬಾಕ್ಸಿಗೆ ಒಂದೂವರೆ ಸಾವಿರ ನನ್ನ ಕೈಯಿಂದ ಹೋಗುತ್ತಿತ್ತು. ವರ್ಷದ ದುಡಿಮೆಯೆಲ್ಲ ಆ ಎರಡು ತಿಂಗಳಲ್ಲಿ ಇರುವ ಅಂಗಡಿ ನನ್ನದು.

ಎಲ್ಲರಿಗೂ ಫೋನ್ ಮಾಡಿ, ಹಿಂಗಿಂಗಾಯ್ತು, ತಲಾ ಇಷ್ಟು ಹೆಚ್ಚು ಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ನನ್ನ ಒಂದೇ ಮಾತಿನ ಬಡಾಯಿ ಮೂರು ತಾಲ್ಲೂಕಿನಲ್ಲಿ ಮಣ್ಣಾಗುತ್ತಿತ್ತು. ಹಾಗೂ ಧೈರ್ಯ ಮಾಡಿ ಮೊದಲು ಪಾವಗಡಕ್ಕೆ ಫೋನ್ ಹಚ್ಚಿದೆ. ನಾನು ಬಾಯಿ ಬಿಡುವ ಮೊದಲೇ ಆಸಾಮಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಶುರು ಮಾಡಿದ.

"ಅಕ್ಕಾ, ಹಿಂದೂಪುರಂಲೋ ಒಬ್ಬನ ಹತ್ರ ಹಳೇ ಸ್ಟಾಕ್ ಉಂದಂಟ. ನಿನಗಿಂತ ಕಮ್ಮಿಗೆ ಕೊಡ್ತಾನಂಟ. ಏಮ್ ಮಾಡೋಣ ಹೇಳು?"

"ಏನ್ ಮಾಡೋದು ಅಂದ್ರೆ? ಸಂಚಕಾರ ಕೊಟ್ಟಿಲ್ವೇನಪ್ಪ ನೀನು?"

"ಆ ಸಂಚಕಾರಂ ಹೋದ್ರೆ ಹೋಗ್ಲಿ ಅಕ್ಕಾ, ಐದು ಬಾಕ್ಸಿಗೆ ಲೆಕ್ಕ ಹಾಕಿದ್ರೆ ನನಗೇ ಲಾಭ. ಚೂಸಿ ಹೇಳ್ತೀನಿ."

ಏರಿದ ರೇಟಿಗೆ ಕೊಂಡ ಐದು ಬಾಕ್ಸ್ ನನ್ನ ಅಂಗಡಿಯಲ್ಲೇ ಕೂತರೆ ನಾನು ಬಾಗಿಲು ಹಾಕಬೇಕಾಗುತ್ತಿತ್ತು. "ನನ್ನದು ಹಳೇ ರೇಟೇ, ಒಂದು ರೂಪಾಯಿನೂ ಏರ್ಸಲ್ಲ, ಯೋಚ್ನೆ ಮಾಡಿ ಬಾ" ಎಂದು ಫೋನ್ ಇಟ್ಟೆ. ಕೊರಟಗೆರೆಯ ಅಕ್ಕ ಬರೀ ಎರಡು ಬಾಕ್ಸಿನವಳು, ಗಂಡನಿಲ್ಲದೆ ಒಬ್ಬಳೇ ಅಂಗಡಿ ನಡೆಸುವವಳು. ಅವಳನ್ನು ಕೇಳಲು ಬಾಯಿ ಬರಲಿಲ್ಲ. ಉಳಿದದ್ದು ಶಿರಾ.

ಅಲ್ಲಿ ನನಗೆ ಇಂಪೋರ್ಟರನ ಮಾತು ನೆನಪಾಯಿತು. ಯಾರು ಎಷ್ಟು ತಡೆಯುತ್ತಾರೆ ಎಂದು ನೋಡಿ ಬೆಲೆ ಹಾಕುವುದು. ಭಾಯ್ ಅವರ ತಮ್ಮ ಗಲ್ಫಿನಲ್ಲಿದ್ದಾನೆ. ಅಲ್ಲಿಯ ರಿಯಾಲನ್ನು ಗೂಟಕ್ಕೆ ದನ ಕಟ್ಟಿದ ಹಾಗೆ ಡಾಲರಿಗೆ ಕಟ್ಟಿದ್ದಾರೆ. ನನಗೆ ಡಾಲರ್ ಏರಿ ನಷ್ಟವಾದಷ್ಟೂ, ತಮ್ಮ ಕಳಿಸುವ ದುಡ್ಡು ಶಿರಾದಲ್ಲಿ ಹೆಚ್ಚು ರೂಪಾಯಿಯಾಗುತ್ತದೆ. ನನ್ನನ್ನು ಮುಳುಗಿಸಿದ ಡಾಲರೇ ಆ ಮನೆಯನ್ನು ತೇಲಿಸುತ್ತಿದೆ, ಅವರು ಸ್ವಲ್ಪ ಹೊತ್ತರೆ ತಪ್ಪೇನು? ಈ ತರ್ಕ ಹೊಳೆದಾಗ ನಾನು ಬಲು ಜಾಣೆ ಎಂದು ನನಗೇ ಅನ್ನಿಸಿತು. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ. ನಿಜವಾಗಿ ನಾನು ನೋಡಿದ್ದು ರಿಯಾಲಿನ ದರವನ್ನಲ್ಲ. ಸಾಬರ ಮನೆ, ಗಲ್ಫಿನ ದುಡ್ಡು ಇದ್ದೇ ಇರುತ್ತದೆ ಎಂದು ಊರಿನವರೆಲ್ಲ ಕಟ್ಟೆಯ ಮೇಲೆ ಕೂತು ಆಡುವ ಮಾತನ್ನೇ ನಾನು ಕ್ಯಾಲ್ಕುಲೇಟರಿಗೆ ಒತ್ತಿದ್ದೆ.

ನಾಲ್ಕು ಬಾಕ್ಸನ್ನು ಗಾಡಿಗೆ ಹಾಕಿಸಿಕೊಂಡು ಅದೇ ದಿನ ಮಧ್ಯಾಹ್ನ ಶಿರಾಕ್ಕೆ ಹೋದೆ. ಭಾಯ್ ಅವರ ಸೆಂಟರಿನಲ್ಲಿ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು, ಕುರ್ಚಿಗಳಿಗೆ ಹೊಸ ರೆಕ್ಸಿನ್. ಗಲ್ಲಾದ ಹತ್ತಿರ ಇಸ್ತ್ರಿ ಅಂಗಿ ಹಾಕಿಕೊಂಡ ಒಬ್ಬ ಕೂತಿದ್ದ, ಘಮ್ಮೆನ್ನುವ ಸೆಂಟು. "ನಮ್ ತಮ್ಮ ಅಕ್ಕಾ, ಬಂದವ್ನೆ" ಎಂದರು ಭಾಯ್. ರಜೆಗೆ ಬಂದಿರಬೇಕು ಎಂದು ನಾನೇ ತಿಳಿದುಕೊಂಡೆ. ಆ ಬಣ್ಣ, ಆ ರೆಕ್ಸಿನ್, ಆ ಸೆಂಟು ನೋಡಿ ನನ್ನ ಲೆಕ್ಕ ಸರಿಯಾಗಿದೆ ಎಂದು ಧೈರ್ಯ ಬಂತು.

ನನ್ನ ನಷ್ಟ ತುಂಬಲು ಬಾಕ್ಸಿಗೆ ನಾಲ್ಕು ಸಾವಿರದ ಮೇಲೆ ಒಂದಿಷ್ಟು ಹೆಚ್ಚು ಕೇಳಿದ್ದರೆ ಸಾಕಿತ್ತು. ನಾನು ಆರು ಕೇಳಿದೆ. ಆರು ಯಾಕೆ ಎಂದರೆ, ಮನುಷ್ಯ ಚೌಕಾಸಿ ಮಾಡಿದರೆ ಇಳಿಸಲು ಜಾಗ ಇರಲಿ ಎಂದು. ಅವರು ಚೌಕಾಸಿಯನ್ನೇ ಮಾಡಲಿಲ್ಲ.

"ಎಲೆ ಅಡಿಕೆ ಕೊಟ್ಟಿದ್ರಲ್ಲ ಅಕ್ಕಾ" ಎಂದರು, ಅಷ್ಟೇ.

"ಡಾಲರ್ ನನ್ ಕೈಲಿ ಐತಾ ಭಾಯ್? ಕಂಪನಿನೇ ಏರ್ಸೈತೆ. ಹೊರಗಡೆ ಕೇಳಿ ನೋಡಿ, ಇನ್ನೂ ಜಾಸ್ತಿ ಹೇಳ್ತಾರೆ."

"ಹೊರಗೆ ಯಾಕೆ ಕೇಳ್ಲಿ? ಎಲ್ರಿಗೂ ಹಿಂಗೇನಾ?"

"ಎಲ್ರಿಗೂ ಹಿಂಗೇ" ಎಂದೆ.

ಅವರು ತಮ್ಮನ ಕಡೆ ನೋಡಿದರು. ತಮ್ಮ ಒಳಗೆ ಹೋಗಿ ದುಡ್ಡು ತಂದ. ಭಾಯ್ ನನ್ನ ಕೈಗಿಡುತ್ತಾ, "ಎಲ್ರಿಗೂ ಬರಾಬರ್ ಅಂದ್ರೆ ನಂದೇನೈತೆ ಅಕ್ಕಾ, ನಿಮ್ಮ ಜಬಾನ್ ಮೇಲೆ ನಂಬ್ಕೆ ಐತೆ" ಎಂದರು. ಚಹಾ ಕುಡಿದೇ ಹೋಗಬೇಕು ಎಂದು ಹಟ ಮಾಡಿದರು. ಕುಡಿದೆ. ಬಾಕ್ಸ್ ತಂದ ಗಾಡಿ ಬೇರೆ ಬಾಡಿಗೆಗೆ ಹೋಗಿತ್ತು. ವಾಪಸ್ ಬಸ್ಸಿನಲ್ಲಿ ಕೂತು ಮತ್ತೊಮ್ಮೆ ಲೆಕ್ಕ ಹಾಕಿದೆ. ಪಾವಗಡ, ಕೊರಟಗೆರೆಯ ನಷ್ಟವೆಲ್ಲ ಕಳೆದು ಕೈಯಲ್ಲಿ ಏಳು ಸಾವಿರದ ಚಿಲ್ಲರೆ ಲಾಭ ಉಳಿಯುತ್ತಿತ್ತು.

ಮರುದಿನ ಪಾವಗಡದ ಆಸಾಮಿ ಪೂರ್ತಿ ದುಡ್ಡು ತಂದು ಐದೂ ಬಾಕ್ಸ್ ಒಯ್ದ. ಹಳೇ ರೇಟು ಹೇಳಿ ಹಿಂದೂಪುರದಿಂದ ಗಿರಾಕಿಯನ್ನು ಎಳೆದು ತಂದೆ ಎಂದು ನಾನು ಬೀಗಿದೆ. ಕೊರಟಗೆರೆಗೂ ಮಾಲು ಮುಟ್ಟಿತು. ಇಂಪೋರ್ಟರ್ ಫೋನ್ ಮಾಡಿ "ಹೆಂಗೆ ಮೇಡಂ, ಹೊಂದಾಣಿಕೆ ಆಯ್ತಾ?" ಎಂದಾಗ, "ಆಯ್ತು, ನಮ್ಮದೂ ಕಂಪನಿ ಲೆಕ್ಕಾಚಾರವೇ" ಎಂದು ನಕ್ಕಿದ್ದೆ.

ರಜೆ ಶುರುವಾದ ಮೇಲೆ ಕೊರಟಗೆರೆಯ ಅಕ್ಕ ತನ್ನ ಸೆಂಟರಿನಲ್ಲಿ ಫುಟ್‌ಬಾಲ್ ಗೇಮಿನ ಪಂದ್ಯ ಇಟ್ಟಳು. ಸುತ್ತಲಿನ ತಾಲ್ಲೂಕಿನಿಂದ ಆಡುವವರು ಬಂದಿದ್ದರು. ಜಾಯ್‌ಸ್ಟಿಕ್ ಕೈಕೊಟ್ಟರೆ ಇರಲಿ ಎಂದು ನನ್ನನ್ನೂ ಕರೆದಿದ್ದಳು. ಭಾಯ್ ತಮ್ಮ ಊರಿನ ಆಟಗಾರರ ಜೊತೆ ಬಂದಿದ್ದರು. ಅಕ್ಕ ಬೆಳಗ್ಗೆಯೇ ಗೊರವನಹಳ್ಳಿಗೆ ಹೋಗಿ ಪಂದ್ಯ ಸಾಂಗವಾಗಿ ನಡೆಯಲಿ ಎಂದು ಪೂಜೆ ಮಾಡಿಸಿಕೊಂಡು ಬಂದಿದ್ದಳು. ಜೆರಾಕ್ಸ್ ಮಿಷನ್ನಿನ ಪಕ್ಕ ನಿಂತು ನಮಗೆಲ್ಲ ಪ್ರಸಾದ ಹಂಚುತ್ತಾ, ಖುಷಿಯಲ್ಲಿ ನನ್ನ ಗುಣಗಾನ ಶುರು ಮಾಡಿದಳು.

"ಈ ಹೆಣ್ಮಗಳಂಗೆ ಯಾರವ್ರೆ ಹೇಳ್ರಪ್ಪ. ಕಂಪನಿಯೋರೇ ರೇಟು ಏರ್ಸುಬುಟ್ಟವ್ರೆ. ಇವ್ಳು ನಂಗೆ ಎಲೆ ಅಡಿಕೆ ಕೊಟ್ಟ ದಿನದ ರೇಟ್ಗೇ ಕೊಟ್ಟವ್ಳೆ ಕಣ್ರಪ್ಪ. ಒಂದ್ರುಪಾಯಿ ಜಾಸ್ತಿ ಕೇಳ್ನಿಲ್ಲ!"

ನನ್ನ ಕೈಯಲ್ಲಿ ಪ್ರಸಾದ ಇತ್ತು. ಬಾಯಿಗೆ ಹಾಕಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ಭಾಯ್ ನನ್ನ ಎದುರಿಗೇ ಕೂತಿದ್ದರು. ಅವರು ಈಗ ಬಾಯಿ ತೆರೆದರೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಅಕ್ಕನ ಕಡೆ ತಿರುಗಿ, "ಹೌದಮ್ಮ, ಅವರು ಹಂಗೇ" ಎಂದರು. ಆಮೇಲೆ ಎದ್ದು ಆಟ ನಡೆಯುತ್ತಿದ್ದ ಕೋಣೆಗೆ ಹೋದರು. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆನೇನೋ, ನನ್ನ ಬಾಯಿ ಸಣ್ಣದಲ್ಲ. ಅವರು ನನ್ನ ಮಾನ ಉಳಿಸಿ ಹೋದರು, ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

ಅರ್ಧ ಗಂಟೆ ಒಂದು ಜಾಯ್‌ಸ್ಟಿಕ್ ಬಿಚ್ಚಿಕೊಂಡು ಕೂತೆ. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಕೊನೆಗೆ ಎದ್ದು ಹೋಗಿ ಅವರನ್ನು ಹೊರಗೆ ಕರೆದೆ. ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಯ ತಗಡಿನ ನೆರಳಿನಲ್ಲಿ ನಿಂತೆವು.

"ನಾನು ಜಗಳ ಆಡಲ್ಲ ಅಕ್ಕಾ" ಎಂದರು. "ಒಂದೇ ಕೇಳ್ತೀನಿ. ನನಗೇ ಯಾಕೆ?"

ಸುಳ್ಳು ಹೇಳಲು ಸಾಕಷ್ಟು ಡಾಲರ್, ಸುಂಕ, ತೆರಿಗೆ ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಹೇಗೋ ನಿಜವೇ ಬಂತು. "ನಿಮ್ಮ ಮನೇಗೆ ಗಲ್ಫ್ ದುಡ್ಡು ಬರ್ತದೆ, ಡಾಲರ್ ಏರಿದ್ರೆ ನಿಮಗೆ ಲಾಭ, ತಡ್ಕೊಂತೀರಿ ಅಂದ್ಕೊಂಡೆ."

"ಬರ್ತಿತ್ತು. ಈಗಿಲ್ಲ. ತಮ್ಮನ ಕಂಪ್ನಿ ಮುಚ್ಚೋಯ್ತು, ಹಿಸಾಬ್ ಚುಕ್ತಾ ಮಾಡಿ ಕಳಿಸ್ಬುಟ್ರು. ಚಳಿಗಾಲದಾಗೇ ಬಂದವ್ನೆ. ಆ ರಿಯಾಲೆಲ್ಲ ಅವಾಗ್ಲೇ ರೂಪಾಯಿ ಮಾಡ್ಕಂಡ್ವಿ, ರೂಪಾಯಿ ಬೀಳೋಕೆ ಮುಂಚೆ. ಒಂದಷ್ಟು ದಿನ ತಡೆದಿದ್ರೆ ನೀವು ಹೇಳ್ದಂಗೆ ಲಾಭ ಆಗ್ತಿತ್ತು. ಸೆಂಟರ್ ದೊಡ್ದು ಮಾಡಿ ಇಬ್ರೂ ಇಲ್ಲೇ ಬದುಕೋಣ ಅಂತ ಅದನ್ನೆಲ್ಲ ಇದಕ್ಕೇ ಹಾಕಿವಿ. ಬಣ್ಣ ಅವ್ನೇ ಹೊಡೆದ."

ಅವರೇ ಮತ್ತೆ ಅಂದರು: "ಕೇಳಿದ್ರೆ ಹೇಳ್ತಿದ್ದೆ ಅಕ್ಕಾ. ಚಹಾ ಕುಡಿಯೋವಾಗ ಕೂಡ ಕೇಳ್ಬೋದಿತ್ತು."

ಡಾಲರ್ ಏರಿದಾಗ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ನಾನು ಪಾಠ ಹೇಳಬಲ್ಲವಳು. ಆ ಮನೆಯವರು ತುಟ್ಟಿ ರೂಪಾಯಿ ಕೊಂಡು, ಅಗ್ಗವಾದ ರೂಪಾಯಿಯಲ್ಲಿ ನನ್ನ ಮಾಲಿಗೆ ಕಟ್ಟಿದ್ದರು. ಎರಡೂ ಕಡೆ ಹೊಡೆತ ತಿಂದವರ ತಲೆಯ ಮೇಲೆ ನಾನು ನನ್ನ ಹೊರೆಯನ್ನೂ ಹೊರಿಸಿದ್ದೆ. ನಾಚಿಕೆ ಎಂದರೆ ತಲೆ ತಗ್ಗಿಸುವುದು ಎಂದು ತಿಳಿದಿದ್ದೆ. ಅವತ್ತು ನನಗೆ ಮೈಯೆಲ್ಲ ತುರಿಕೆ ಹತ್ತಿದ ಹಾಗಾಗಿ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ.

ಮಧುಗಿರಿಗೆ ಬಂದು ತೀರ್ಮಾನ ಮಾಡಿದೆ. ನಾಲ್ಕು ಬಾಕ್ಸಿನ ಆರಾರು ಸಾವಿರವನ್ನೂ ವಾಪಸ್ ಕೊಡುವುದು. ಸಮ ಮಾಡಿಕೊಳ್ಳಲು ಒಂದಿಷ್ಟು ಹಿಡಿದುಕೊಳ್ಳೋಣ ಎಂದು ಬುದ್ಧಿ ಒಮ್ಮೆ ಹೇಳಿತು. ಅದರ ಬಾಯಿ ಮುಚ್ಚಿಸಿದೆ. ಅಪ್ಪನಿಗೆ ಹೇಳಿದಾಗ ಅವರು ಬಯ್ಯಲಿಲ್ಲ. "ಹುಣಸೆ ಬಿದ್ದ ವರ್ಸ ನಾನೂ ಕೈಯಿಂದ ಕಟ್ಟಿವ್ನಿ ಕಣಮ್ಮ, ಆದ್ರೆ ಯಾವ ಮರದೋನು ಅನ್ನಾದು ನೋಡಿ ಕಟ್ಲಿಲ್ಲ" ಎಂದು ಎದ್ದು ಹೋದರು.

ಶಿರಾಕ್ಕೆ ಹೋಗಿ ದುಡ್ಡನ್ನು ಗಲ್ಲಾದ ಮೇಲಿಟ್ಟೆ. ಭಾಯ್ ಬೇಡ ಎನ್ನಬಹುದು, ಆಗ ನಾನು ಬಲವಂತ ಮಾಡಬಹುದು, ಸ್ವಲ್ಪ ಹಗುರಾಗಬಹುದು ಎಂದೆಲ್ಲ ಅಂದುಕೊಂಡಿದ್ದೆ. ಅವರು ಬೇಡ ಅನ್ನಲಿಲ್ಲ. "ಇದು ತಮ್ಮನ ದುಡ್ಡು, ಅದಕ್ಕೆ ತಗೊಂತೀನಿ" ಎಂದು ತಮ್ಮನಿಗೆ ದಾಟಿಸಿದರು. ತಮ್ಮ ಎದ್ದು ನನಗೆ ಕುರ್ಚಿ ಕೊಟ್ಟ. ಅವನ ಅಂಗಿಯ ತೋಳಿಗೆ ಗೋಡೆಯ ಬಣ್ಣವೇ ಹತ್ತಿತ್ತು. ಮುಂದಿನ ವರ್ಷದ ಮಾಲಿನ ಮಾತು ನಾನು ಎತ್ತಿದಾಗ ಭಾಯ್, "ಮುಂದಿನ ವರ್ಷದ್ದು ಮುಂದಿನ ವರ್ಷ ನೋಡಣ ಅಕ್ಕಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಆ ಬೇಸಿಗೆ ನನಗೆ ನಷ್ಟವೇ ಆಯಿತು. ರಿಪೇರಿ ಕೆಲಸ ಹೆಚ್ಚು ಮಾಡಿ ಹೇಗೋ ತಳ್ಳಿದೆ. ಆಗಿದ್ದು ಆಯಿತು, ತಪ್ಪು ತಿದ್ದಿಕೊಂಡೆನಲ್ಲ, ಕೊನೆಗೆ ಪಾವಗಡದ ಗಿರಾಕಿಯನ್ನಾದರೂ ಉಳಿಸಿಕೊಂಡೆನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹಾಗಿರುವಾಗ ಆ ಆಸಾಮಿ ಕೆಟ್ಟ ಜಾಯ್‌ಸ್ಟಿಕ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಅಂಗಡಿಗೆ ಬಂದ. ನಾನು ಬಿಚ್ಚುತ್ತಾ ಕೂತಿದ್ದೆ, ಅವನು ಬಾಯಿಗೆ ಬಂದದ್ದು ಮಾತಾಡುತ್ತಾ ಕೂತಿದ್ದ.

"ನಾನು ಹಳೇ ರೇಟು ಹೇಳಿಲ್ದಿದ್ರೆ ನೀನು ಹಿಂದೂಪುರಕ್ಕೇ ಹೋಗ್ತಿದ್ದೆ, ಅಲ್ವೇನಪ್ಪ?" ಎಂದು ಕೆಣಕಿದೆ.

"ಅದಿ ಕಾದಕ್ಕಾ, ಹಂಗಲ್ಲ. ನೀನು ಹೇಳಿದ ಮೇಲೂ ಅಲ್ಲಿಗೇ ಹೋಗೋನಿದ್ದೆ. ನಿನ್ನ ಹಳೇ ರೇಟಿಗಿಂತ ಅವನದೇ ಕಮ್ಮಿ. ಆದ್ರೆ ಒಂಬತ್ತು ಬಾಕ್ಸ್ ತಗೊಂಡ್ರೆ ಮಾತ್ರ ಆ ರೇಟು ಅಂದ. ನಂದು ಐದು, ಸಿರಾ ಭಾಯ್‌ದು ನಾಲ್ಕು, ಇಬ್ರೂ ಸೇರೋಣ ಅಂತ ಭಾಯ್‌ಗೆ ಫೋನ್ ಮಾಡಿದೆ. ನೀವಿನ್ನೂ ಸಂಚಕಾರ ಅಷ್ಟೇ ಕೊಟ್ಟಿರೋದು ಕದಾ, ಬನ್ನಿ ಅಂದೆ."

"ಏನಂದ್ರು?"

"ಈಗ ತಾನೇ ಪೂರ್ತಿ ದುಡ್ಡು ಕೊಟ್ಟೆ ಅಂದ. ವಾಪಸ್ ಕೇಳಿ ತಗೋ ಭಾಯ್ ಅಂದ್ರೆ ಒಪ್ಲಿಲ್ಲ. ನನಗೇ ಬುದ್ಧಿ ಹೇಳಿದ. ಡಾಲರ್ ಏರೈತೆ, ಅಕ್ಕ ಒಸಿ ಜಾಸ್ತಿ ಕೇಳ್ತಾರೆ, ಆದ್ರೆ ಎಲ್ರಿಗೂ ಒಂದೇ ರೇಟು ಹಾಕೋರು ಅವರೊಬ್ರೇ, ಅವರನ್ನ ಬಿಡಬ್ಯಾಡ ಅಂದ. ಅವನು ಬರಲ್ಲ ಅಂದ್ಮೇಲೆ ಆ ಹಿಂದೂಪುರಂ ರೇಟು ಹೋಯ್ತು, ನಿನ್ನ ಹತ್ರ ಬಂದೆ. ನೀನು ಜಾಸ್ತಿ ಕೇಳ್ಲೇ ಇಲ್ಲ. ನನಗೊಬ್ಬನಿಗೇ ಕಮ್ಮಿ ಮಾಡಿದ್ದೀಯೇನೋ, ಭಾಯ್‌ಗೆ ಹೇಳಿದ್ರೆ ಬೇಜಾರು ಅಂತ ನಾನೂ ಸುಮ್ಮನಾದೆ."

"ಫೋನ್ ಮಾಡಿದ್ದು ಯಾವತ್ತು?" ಎಂದು ಕೇಳಿದೆ. ಕೇಳದೆಯೂ ಗೊತ್ತಿತ್ತು.

"ನನಗೆ ನೀನು ರೇಟು ಹೇಳಿದ ದಿನವೇ ಅಕ್ಕಾ, ಸಾಯಂಕಾಲ. ಅಕ್ಕ ಈಗಷ್ಟೇ ಚಹಾ ಕುಡಿದು ಹೋದ್ರು, ಇನ್ನೂ ಬಸ್ಸಲ್ಲೇ ಇರ್ತಾರೆ ಅಂದ."

ಹೌದು, ನಾನು ಆಗ ಬಸ್ಸಿನಲ್ಲೇ ಇದ್ದೆ. ಅವರಿಂದ ಕಿತ್ತುಕೊಂಡದ್ದರಲ್ಲಿ ನನಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.